ಸೇತುವೆಯ ಮೇಲಿನ ಅರಳಿ ಸಸಿ

ನನ್ನೂರು ಕೊಕ್ಕರೆ ಬೆಳ್ಳೂರು. ಹಕ್ಕಿ ಗೂಡು ಕಟ್ಟುವ ಮರಕ್ಕೆ ನಮ್ಮವರು ಕೊಡಲಿ ಎತ್ತರು. ಆದುದರಿಂದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಮೇಲೆ ಅರಳಿ ಸಸಿಯೊಂದನ್ನು ಕಂಡಾಗ ನನಗೆ ಸಂತೋಷವೇ ಆಯಿತು. ಅದು ತಪ್ಪೆಂದು ಆಮೇಲೆ ತಿಳಿದೆನು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಾವೇರಿಗೆ ಕಟ್ಟಿದ ಕಲ್ಲುಸೇತುವೆಯದು. ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಬೀಜವು ಕಲ್ಲಿನ ಸಂದಿನಲ್ಲಿ ಮೊಳೆಯುತ್ತದೆ. ಬೇರು ದಪ್ಪನಾದಂತೆ ಸಂದು ಬಿರಿದು ನೀರಿಳಿಯುತ್ತದೆ. ಕಾಂಡ ಕಡಿದರೆ ಮತ್ತೆ ಚಿಗುರುವುದು. ಎಳೆಯದರಲ್ಲೇ ಬೇರುಸಹಿತ ಕಿತ್ತು, ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಗಟ್ಟಿ ಸಿಮೆಂಟು ತೇವವನ್ನು ಒಳಗೇ ಹಿಡಿದಿಡುತ್ತದೆ. ಪ್ರವಾಹ ಇಳಿದೊಡನೆ ಕಂಬಗಳ ಬುಡದ ಮಣ್ಣು ಕೊಚ್ಚಿಹೋಗಿದೆಯೇ ಎಂದೂ ನೋಡಬೇಕು. ನಮ್ಮ ಶಿಂಷೆಯ ಸೇತುವೆಗಳಿಗೂ ಇದೇ ಪಾಠ. ಇಂದು ಬೆರಳಿನಿಂದ ಕೀಳಬಹುದಾದುದನ್ನು ಬಿಟ್ಟರೆ, ನಾಳೆ ಸೇತುವೆಯ ಕಲ್ಲನ್ನೇ ಕೀಳಬೇಕಾದೀತು.