ಬಸುರಿ ಉದ್ಯೋಗಿನಿಯೂ ಒಲ್ಲದ ಯಜಮಾನನೂ

ಮಾಘಮಾಸದಲ್ಲಿ ಉಳವಿಯ ಚೆನ್ನಬಸವಣ್ಣನ ಜಾತ್ರೆ ನೆರೆದು, ಚಕ್ಕಡಿಗಳೂ ಬಸ್ಸುಗಳೂ ಕಾಡುದಾರಿಯನ್ನು ತುಂಬಿಕೊಳ್ಳುವ ದಿನಗಳಲ್ಲಿ, ಜೋಯಿಡಾ ದಾಂಡೇಲಿಗಳ ವಸತಿಗೃಹಗಳಲ್ಲಿ ಕೋಣೆ ಗುಡಿಸುವ, ಪಾತ್ರೆ ತೊಳೆಯುವ, ಲೆಕ್ಕ ಬರೆಯುವ ಹೆಂಗಸರಿಗೆ ರಜೆಯ ಮಾತೆತ್ತುವುದೇ ದುಸ್ಸಾಧ್ಯ. ಅವರಲ್ಲೊಬ್ಬಳು ಬಸುರಿಯಾಗಿ, ರಕ್ತದೊತ್ತಡವೋ ರಕ್ತಸ್ರಾವವೋ ಕಾಣಿಸಿಕೊಂಡರೆ, ನಮ್ಮ ತಾಯಂದಿರು ಹೆರುವ ದಿನದವರೆಗೂ ಗದ್ದೆಯಲ್ಲಿ ದುಡಿಯಲಿಲ್ಲವೇ ಎಂಬ ಯಜಮಾನನ ಮಾತು ಸಿದ್ಧವಾಗಿಯೇ ಇರುತ್ತದೆ. ದುಡಿದರು, ನಿಜ, ಅವರಲ್ಲಿ ಎಷ್ಟು ಮಂದಿ ಮರಳಿ ಗದ್ದೆಗೆ ಇಳಿಯಲಿಲ್ಲವೆಂಬ ಲೆಕ್ಕವನ್ನು ಮಾತ್ರ ಆತ ಇಟ್ಟಿರುವುದಿಲ್ಲ. ಇಂಥವನೊಡನೆ ವಾದಕ್ಕಿಳಿಯುವುದು ವ್ಯರ್ಥ. ಉತ್ತರವು ಕಾಗದದ ಮೇಲಿರತಕ್ಕುದು.

ಮೊದಲನೆಯ ಕಾಗದ ವೈದ್ಯರದು. ಕಾಡಿನ ತಿರುವುಗಳಲ್ಲಿ ಬಸ್ಸಿನ ಕುಲುಕಾಟವನ್ನು ಸಹಿಸಿ ಆಸ್ಪತ್ರೆಗೆ ಹೋದವಳು, ‘ವಿಶ್ರಾಂತಿ ಅಗತ್ಯ’ ಎಂಬ ಒಂದೇ ಸಾಲನ್ನು ಬರೆಸಿಕೊಂಡು ಹಿಂದಿರುಗಬಾರದು. ಆ ಸಾಲಿಗೆ ಯಜಮಾನನು ತನಗೆ ಬೇಕಾದ ಅರ್ಥವನ್ನು ಹಚ್ಚುತ್ತಾನೆ. ಹೆರಿಗೆಯ ನಿರೀಕ್ಷಿತ ದಿನಾಂಕ, ಭಾರ ಎತ್ತುವುದು, ಬಹಳ ಹೊತ್ತು ನಿಲ್ಲುವುದು, ಮೆಟ್ಟಿಲೇರುವುದು, ರಾತ್ರಿಪಾಳಿ ಇವುಗಳಲ್ಲಿ ಯಾವುದು ಎಷ್ಟು ವಾರಗಳ ಕಾಲ ವರ್ಜ್ಯವೆಂಬುದು, ಇವೆರಡನ್ನೂ ಸ್ಪಷ್ಟವಾಗಿ ಬರೆಯಿಸಿಕೊಳ್ಳಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿರುವುದರಿಂದ ಆ ದಿನವನ್ನು ತಪ್ಪಿಸಬಾರದು. ತಾಯಿ ಕಾರ್ಡಿನ ನಕಲೊಂದು ಬೇರೆಯಾಗಿಯೇ ಇರಲಿ.

ಎರಡನೆಯದು ನಿಮ್ಮ ಅರ್ಜಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅಡಕವಾಗಿರುವ ನಿಯಮದಂತೆ, ಹೆರಿಗೆಗೆ ಮುಂಚಿನ ಆರು ವಾರಗಳಿಗೂ ಹಿಂದಿನ ಒಂದು ತಿಂಗಳಲ್ಲಿ ಶ್ರಮದ ಕೆಲಸವನ್ನಾಗಲಿ ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ ಗರ್ಭಿಣಿಗೆ ವಹಿಸಕೂಡದು. ಆದರೆ ಆಕೆ ಕೇಳಿಕೊಂಡಾಗ ಮಾತ್ರ. ಸಂಕೋಚದಿಂದ ಬಾಯಿಮುಚ್ಚಿಕೊಂಡಿದ್ದವಳಿಗೆ ಈ ರಕ್ಷಣೆ ಒದಗದು. ಹಗುರ ಕೆಲಸ ಕೊಟ್ಟ ಕಾರಣಕ್ಕೆ ಕೂಲಿ ಕಡಿತ ಮಾಡುವಂತೆಯೂ ಇಲ್ಲ. ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯುಂಟು, ಅದರಲ್ಲಿ 8 ವಾರಗಳನ್ನು ಹೆರಿಗೆಗೆ ಮೊದಲೇ ಪಡೆಯಬಹುದು. ಬಸುರಿನಿಂದಾದ ಕಾಯಿಲೆಗೆ ವೈದ್ಯರ ಆಧಾರದೊಡನೆ ಇನ್ನೊಂದು ತಿಂಗಳವರೆಗೆ ರಜೆಯುಂಟು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿರಬೇಕು. ಅಂಗಡಿ, ವಸತಿಗೃಹಗಳಲ್ಲಿ ಹತ್ತು ಮಂದಿಯಾದರೂ ನೌಕರರಿರಬೇಕೆಂಬ ಷರತ್ತಿರುವುದರಿಂದ ಸಣ್ಣ ಹೋಮ್‌ಸ್ಟೇಗಳ ಹೆಂಗಸರು ಇದರ ಹೊರಗುಳಿಯುತ್ತಾರೆ. ಅವರು ಊರಿನ ಹಿರಿಯರನ್ನೋ ಆಶಾ ಕಾರ್ಯಕರ್ತೆಯನ್ನೋ ಮುಂದಿಟ್ಟುಕೊಂಡು ಮಾತಾಡುವುದಲ್ಲದೆ ಬೇರೆ ದಾರಿಯಿಲ್ಲವೆಂಬುದು ಈ ಕಾನೂನಿನ ನಾಚಿಕೆಗೇಡು. ದಿನಗೂಲಿಯವಳೆಂಬ ನೆಪ ಮಾತ್ರ ನಿಲ್ಲದು: ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಹೆಂಗಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲಿಯೇ ಅದನ್ನು ತಳ್ಳಿಹಾಕಿದೆ.

ಅರ್ಜಿಯ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲೊಲ್ಲದವನಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಕಾದಿರಿಸಿ. ಸಿಟ್ಟಿನ ಭರದಲ್ಲಿ ರಾಜೀನಾಮೆಗೆ ರುಜು ಹಾಕಬೇಡಿ. ಯಜಮಾನನು ಬಯಸುವುದು ಅನೇಕ ಸಲ ಅದನ್ನೇ. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆದರೆ, ಆ ಆಜ್ಞೆ ತಲುಪಿದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ವಕೀಲರ ಖರ್ಚಿಗೆ ಅಂಜಬೇಕಾಗಿಲ್ಲ: ಆದಾಯವೆಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ, ಸಹಾಯವಾಣಿ 15100.

ಆದರೆ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ರಕ್ತ ಕಾಣಿಸುವುದು, ಕೂಸಿನ ಅಲುಗಾಟ ಕುಗ್ಗುವುದು, ಇವುಗಳಲ್ಲಿ ಒಂದು ತೋರಿದರೂ ಅರ್ಜಿ ಅನುಮತಿಗಳ ಗೊಡವೆಯೇ ಬೇಡ. ಕೂಡಲೇ 108ಕ್ಕೆ ಫೋನು ಮಾಡಿಸಿ. ಕೆಲಸದ ಜಾಗದಲ್ಲಿ ಎಲ್ಲಿ ನೆಟ್‌ವರ್ಕ್ ಸಿಗುತ್ತದೆ, ಹತ್ತಿರದಲ್ಲಿ ಯಾರ ಜೀಪಿದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಮಳೆಗಾಲದಲ್ಲಿ ದಿನ ತುಂಬುವವರು ಒಂದೆರಡು ವಾರ ಮುಂಚಿತವಾಗಿಯೇ ಆಸ್ಪತ್ರೆಯ ಸಮೀಪದ ನೆಂಟರ ಮನೆಯನ್ನು ಸೇರಿಕೊಳ್ಳುವುದು ಲೇಸು.