ಸ್ಟಾರ್ಟ್ ಆಗದ ವಾಹನ: ಬಿಡಿಭಾಗ ಕೊಳ್ಳುವ ಮೊದಲು ವೋಲ್ಟೇಜ್ ಲೆಕ್ಕ

ಸ್ವಂತ ಸರಕು ವಾಹನವನ್ನಿಟ್ಟುಕೊಂಡು ವ್ಯವಹರಿಸುವ ವರ್ತಕರ ಲೆಕ್ಕಪುಸ್ತಕಗಳಲ್ಲಿ 'ವಾಹನ ದುರಸ್ತಿ' ಖಾತೆಯನ್ನು ತೆರೆದು ನೋಡಿದರೆ ಒಂದು ಸಂಗತಿ ಆಗಾಗ ಕಂಡುಬರುತ್ತದೆ. ಒಂದು ತಿಂಗಳಲ್ಲಿ ಹೊಸ ಬ್ಯಾಟರಿ, ಮರು ತಿಂಗಳಲ್ಲಿ ಸ್ಟಾರ್ಟರ್ ಮೋಟಾರ್, ಅದರ ಮುಂದಿನ ತಿಂಗಳಲ್ಲಿ ಅಲ್ಪ ಮೊತ್ತದ ಒಂದು ಅರ್ತ್ ತಂತಿ. ದೂರು ಮಾತ್ರ ಮೂರು ಬಾರಿಯೂ ಒಂದೇ: 'ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ.' ಮೂರನೆಯ ವೋಚರಿನೊಂದಿಗೆ ದೂರು ನಿಂತಿದ್ದರೆ, ಮೊದಲ ಎರಡು ವೆಚ್ಚಗಳು ಬಹುಮಟ್ಟಿಗೆ ಅನಾವಶ್ಯಕವಾಗಿದ್ದವೆಂದೇ ಭಾವಿಸಬೇಕಾಗುತ್ತದೆ. ವಾಹನ ನಿಂತ ದಿನ ಮಾರುಕಟ್ಟೆಯನ್ನು ತಲುಪದ ಸರಕಿನ ನಷ್ಟವಂತೂ ಯಾವ ಖಾತೆಯಲ್ಲಿಯೂ ಕಾಣಸಿಗುವುದಿಲ್ಲ.

ಈ ದುಂದುವೆಚ್ಚಕ್ಕೆ ಮುಖ್ಯ ಕಾರಣ, ದೋಷವನ್ನು ಅಳೆಯದೆ ಊಹಿಸುವುದು. ಸ್ಟಾರ್ಟಿಂಗ್ ವ್ಯವಸ್ಥೆಯ ದೋಷವನ್ನು ಸಾಧಾರಣ ಬೆಲೆಯ ಒಂದು ಮಲ್ಟಿಮೀಟರಿನಿಂದ ಕೆಲವೇ ನಿಮಿಷಗಳಲ್ಲಿ ಪತ್ತೆ ಹಚ್ಚುವ ಕ್ರಮವೊಂದಿದೆ. ಮಾಲೀಕರು ಸ್ವತಃ ದುರಸ್ತಿ ಮಾಡಬೇಕಾಗಿಲ್ಲ. ಆದರೆ ಈ ಕ್ರಮವನ್ನು ಅರಿತಿದ್ದರೆ ಹಣ ಪಾವತಿಸುವ ಮೊದಲು ಸರಿಯಾದ ಪ್ರಶ್ನೆಯನ್ನು ಕೇಳಬಲ್ಲರು.

ವ್ಯವಸ್ಥೆಯ ಸ್ವರೂಪ

1912ರ ಕ್ಯಾಡಿಲಾಕ್ ಕಾರುಗಳಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಬಳಕೆಗೆ ಬಂದ ನಂತರ, ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಪದ್ಧತಿ ಕ್ರಮೇಣ ಮರೆಯಾಯಿತು. ಇಂದಿನ ವಾಹನಗಳಲ್ಲಿಯೂ ಮೂಲತತ್ವ ಅದೇ ಆಗಿದ್ದು, ಅದರಲ್ಲಿ ಎರಡು ಸರ್ಕಿಟ್‌ಗಳಿರುತ್ತವೆ.

ಮೊದಲನೆಯದು ನಿಯಂತ್ರಣ ಸರ್ಕಿಟ್. ಇಗ್ನಿಷನ್ ಸ್ವಿಚ್, ಫ್ಯೂಸ್, ರಿಲೇ, ಹಲವು ವಾಹನಗಳಲ್ಲಿ ಕ್ಲಚ್ ಅಥವಾ ನ್ಯೂಟ್ರಲ್ ಸುರಕ್ಷತಾ ಸ್ವಿಚ್, ಇವುಗಳ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ ಹರಿದು ಸೊಲೆನಾಯ್ಡನ್ನು ತಲುಪುತ್ತದೆ. ಎರಡನೆಯದು ಮುಖ್ಯ ಸರ್ಕಿಟ್. ಬ್ಯಾಟರಿಯಿಂದ ದಪ್ಪ ಕೇಬಲ್ ಮೂಲಕ ಹೊರಟ ವಿದ್ಯುತ್ ಸೊಲೆನಾಯ್ಡಿನ ಒಳಗಿನ ಸಂಪರ್ಕ ಬಿಂದುಗಳನ್ನು ದಾಟಿ ಮೋಟಾರನ್ನು ತಿರುಗಿಸುತ್ತದೆ. ನಂತರ ಎಂಜಿನ್ ಮೈ, ಅರ್ತ್ ತಂತಿ ಮತ್ತು ಚಾಸಿಯ ಮೂಲಕ ಬ್ಯಾಟರಿಯ ಋಣ ತುದಿಗೆ ಹಿಂದಿರುಗುತ್ತದೆ. ಸಣ್ಣ ವಾಹನಗಳಲ್ಲಿಯೂ ಈ ದಾರಿಯಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯುವುದು ಸಾಮಾನ್ಯ. ಹೋಗುವ ದಾರಿಯಷ್ಟೇ ಮರಳುವ ದಾರಿಯೂ ಮುಖ್ಯ. ದುರಸ್ತಿಯ ಸಮಯದಲ್ಲಿ ಮರೆತುಹೋಗುವುದು ಸಾಮಾನ್ಯವಾಗಿ ಈ ಮರಳುವ ದಾರಿಯೇ.

ಜಮಾ ಖರ್ಚು ತಾಳೆಯಾಗಲೇಬೇಕು

1845ರಲ್ಲಿ ಜರ್ಮನ್ ವಿಜ್ಞಾನಿ ಕಿರ್ಕಾಫ್ ನಿರೂಪಿಸಿದ ನಿಯಮದ ಸಾರಾಂಶವು ವರ್ತಕರಿಗೆ ಅಪರಿಚಿತವೆನಿಸಲಾರದು. ಮೂಲದಿಂದ ದೊರೆತ ವೋಲ್ಟೇಜು ಸರ್ಕಿಟ್ಟಿನ ಬೇರೆ ಬೇರೆ ಭಾಗಗಳಲ್ಲಿ ವ್ಯಯವಾದ ವೋಲ್ಟೇಜುಗಳ ಮೊತ್ತಕ್ಕೆ ಸಮನಾಗಿರುತ್ತದೆ. ಬ್ಯಾಟರಿ ನೀಡಿದ್ದು ಜಮಾ. ಮೋಟಾರ್ ಬಳಸಿದ್ದು ಸಾರ್ಥಕ ಖರ್ಚು. ಕೇಬಲ್, ಸಂಪರ್ಕ ಬಿಂದು ಮತ್ತು ಅರ್ತ್ ತಂತಿಗಳಲ್ಲಿ ಕಳೆದದ್ದು ಸೋರಿಕೆ. ಸೋರಿಕೆ ಯಾವ ಸ್ಥಳದಲ್ಲಿ ಎಷ್ಟೆಂದು ಅಳೆದರೆ ದೋಷದ ಸ್ಥಾನ ತಾನಾಗಿಯೇ ಗೋಚರಿಸುತ್ತದೆ.

ಈ ಅಳತೆಯನ್ನು ಸ್ಟಾರ್ಟರ್ ತಿರುಗುತ್ತಿರುವಾಗಲೇ ಮಾಡಬೇಕು. ಕಾರಣ ಸರಳ. ತುಕ್ಕು ಹಿಡಿದ ಒಂದು ಜೋಡಣೆಯ ಪ್ರತಿರೋಧ ಕೇವಲ 0.01 ಓಮ್ ಇದೆಯೆಂದು ಭಾವಿಸೋಣ. ಸಾಮಾನ್ಯ ಮಲ್ಟಿಮೀಟರಿನ ಓಮ್ ಮಾಪನದಲ್ಲಿ ಇದು ನಂಬುವಂತೆ ಕಾಣುವುದೇ ಇಲ್ಲ. ಅರ್ಧ ಆಂಪಿಯರ್ ಬಳಸುವ ಪರೀಕ್ಷಾ ದೀಪವೂ ಪ್ರಕಾಶಮಾನವಾಗಿಯೇ ಉರಿಯುತ್ತದೆ. ಆದರೆ 150 ಆಂಪಿಯರ್ ಹರಿದಾಗ ಅದೇ ಜೋಡಣೆಯಲ್ಲಿ 1.5 ವೋಲ್ಟ್ ನಷ್ಟವಾಗಿ, 225 ವ್ಯಾಟ್ ಶಕ್ತಿ ಶಾಖರೂಪದಲ್ಲಿ ವ್ಯರ್ಥವಾಗುತ್ತದೆ. 'ದೀಪ ಉರಿಯಿತು, ವೈರಿಂಗ್ ಸರಿಯಿದೆ' ಎಂಬ ತೀರ್ಮಾನ ತಪ್ಪುವುದು ಇಲ್ಲಿಯೇ.

ಮೊದಲು ಲಕ್ಷಣ

ಕೀ ತಿರುಗಿಸಿದಾಗ ಕೇಳಿಬರುವ ಶಬ್ದವು ತನಿಖೆಯ ದಿಕ್ಕನ್ನು ಸೂಚಿಸುತ್ತದೆ.

1. ಯಾವ ಶಬ್ದವೂ ಇಲ್ಲ, ಆದರೆ ಹೆಡ್‌ಲೈಟ್ ಪ್ರಖರವಾಗಿದೆ: ನಿಯಂತ್ರಣ ಸರ್ಕಿಟ್ಟನ್ನು ಮೊದಲು ನೋಡಬೇಕು. ಕೀ ತಿರುಗಿಸಿದಾಗ ಸೊಲೆನಾಯ್ಡಿನ ಸಣ್ಣ ತಂತಿಗೆ ಬ್ಯಾಟರಿಯ ಸಮೀಪದ ವೋಲ್ಟೇಜ್ ಬರದಿದ್ದರೆ ರಿಲೇ, ಫ್ಯೂಸ್, ಸ್ವಿಚ್‌ಗಳ ಕಡೆಗೆ ಹಿಮ್ಮುಖವಾಗಿ ಪರೀಕ್ಷಿಸುತ್ತ ಹೋಗಬೇಕು.

2. ಟಕಟಕನೆ ಪುನರಾವರ್ತಿಸುವ ಸದ್ದು: ಬ್ಯಾಟರಿ ಖಾಲಿಯಾಗಿರುವ ಅಥವಾ ಅದರ ಜೋಡಣೆ ಸಡಿಲವಾಗಿರುವ ಸಂಭವ ಹೆಚ್ಚು.

3. ಒಂದೇ ಒಂದು 'ಟಕ್' ಸದ್ದು: ಸೊಲೆನಾಯ್ಡಿನ ಸವೆದ ಸಂಪರ್ಕ ಬಿಂದು, ಮುಖ್ಯ ಕೇಬಲ್ ಅಥವಾ ಮೋಟಾರ್ ಸಂಶಯಾಸ್ಪದ.

4. ಎಂಜಿನ್ ನಿಧಾನವಾಗಿ ತಿರುಗುವುದು: ದುರ್ಬಲ ಬ್ಯಾಟರಿ, ಸರ್ಕಿಟ್ಟಿನ ಪ್ರತಿರೋಧ, ಇಲ್ಲವೇ ಮೋಟಾರಿನ ಒಳದೋಷ.

5. ಮೋಟಾರ್ ಮಾತ್ರ ಭರ್ರನೆ ತಿರುಗಿ ಎಂಜಿನ್ ತಿರುಗದಿರುವುದು: ಇದು ವಿದ್ಯುತ್ ದೋಷವಲ್ಲ, ಸಾಮಾನ್ಯವಾಗಿ ಪಿನಿಯನ್, ಅದರ ಕ್ಲಚ್ ಅಥವಾ ಫ್ಲೈವೀಲ್ ಹಲ್ಲುಗಳ ಯಾಂತ್ರಿಕ ದೋಷ.

ಬ್ಯಾಟರಿಯ ಪರೀಕ್ಷೆ

ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯು ಪೂರ್ಣ ಚಾರ್ಜ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧದಷ್ಟು ಚಾರ್ಜ್. ಸ್ಟಾರ್ಟರ್ ತಿರುಗುವಾಗ ಇದು 9.6 ವೋಲ್ಟಿಗಿಂತ ಕೆಳಗಿಳಿಯಬಾರದೆಂಬುದು ರೂಢಿಯ ಮಾನದಂಡ. ಚಾರ್ಜ್ ಕಡಿಮೆಯಿದ್ದಲ್ಲಿ ಮೊದಲು ಪೂರ್ಣವಾಗಿ ಚಾರ್ಜ್ ಮಾಡಿ, ಅನಂತರವೇ ತೀರ್ಪು ನೀಡಬೇಕು. ಚಾರ್ಜ್ ಇಲ್ಲದ ಬ್ಯಾಟರಿ ಕೆಟ್ಟ ಬ್ಯಾಟರಿಯಾಗಿರಬೇಕೆಂದಿಲ್ಲ. ವಾಹನ ನಿಂತಿದ್ದಾಗ ಎಲ್ಲೋ ಅರ್ಧ ಆಂಪಿಯರ್ ಸೋರುತ್ತಿದ್ದರೂ ದಿನಕ್ಕೆ 12 ಆಂಪಿಯರ್ ಅವರ್ ವ್ಯಯವಾಗಿ, 60 ಆಂಪಿಯರ್ ಅವರ್ ಸಾಮರ್ಥ್ಯದ ಹೊಸ ಬ್ಯಾಟರಿಯೂ ಐದು ದಿನಗಳಲ್ಲಿ ಬರಿದಾಗುತ್ತದೆ.

ಒಂದು ಉದಾಹರಣೆ

ಬ್ಯಾಡಗಿ ಮಾರುಕಟ್ಟೆಗೆ ನಸುಕಿನಲ್ಲಿ ಮೆಣಸಿನಕಾಯಿ ಸಾಗಿಸಬೇಕಾದ 12 ವೋಲ್ಟಿನ ಲಘು ಸರಕು ವಾಹನವೊಂದರಲ್ಲಿ ಎಂಜಿನ್ ಬಹಳ ನಿಧಾನವಾಗಿ ತಿರುಗುತ್ತಿದೆಯೆಂದು ಇಟ್ಟುಕೊಳ್ಳೋಣ. ಬ್ಯಾಟರಿ ಪೂರ್ಣ ಚಾರ್ಜ್ ಆಗಿದೆ. ಸ್ಟಾರ್ಟರ್ ತಿರುಗಿಸುತ್ತ ತೆಗೆದುಕೊಂಡ ಅಳತೆಗಳು ಹೀಗಿವೆ:

ಬ್ಯಾಟರಿಯ ಎರಡು ತುದಿಗಳ ನಡುವೆ: 10.8 ವೋಲ್ಟ್
ಬ್ಯಾಟರಿ ಧನ ತುದಿಯಿಂದ ಸೊಲೆನಾಯ್ಡ್ ದಾಟಿ ಮೋಟಾರಿನವರೆಗೆ: 0.4 ವೋಲ್ಟ್
ಮೋಟಾರಿನಲ್ಲಿ: 8.6 ವೋಲ್ಟ್
ಮೋಟಾರಿನ ಮೈಯಿಂದ ಬ್ಯಾಟರಿ ಋಣ ತುದಿಯವರೆಗೆ: 1.8 ವೋಲ್ಟ್

ಖರ್ಚಿನ ಮೂರು ಅಂಕಿಗಳ ಮೊತ್ತ 10.8, ಲೆಕ್ಕ ತಾಳೆಯಾಯಿತು. ಸಾಮಾನ್ಯವಾಗಿ ಧನ ಭಾಗದ ಒಟ್ಟು ನಷ್ಟ 0.5 ವೋಲ್ಟ್ ಮೀರಬಾರದು. ಅರ್ತ್ ಭಾಗದ್ದು 0.2 ರಿಂದ 0.3 ವೋಲ್ಟಿನೊಳಗಿರಬೇಕು. ಆದುದರಿಂದ ದೋಷ ಮರಳುವ ದಾರಿಯಲ್ಲಿದೆ. ಅದೇ ದಾರಿಯನ್ನು ವಿಭಜಿಸಿ ಅಳೆದಾಗ ಎಂಜಿನ್ ಮತ್ತು ಚಾಸಿಯ ನಡುವೆ 1.7, ಚಾಸಿ ಮತ್ತು ಬ್ಯಾಟರಿಯ ನಡುವೆ 0.1 ಕಂಡುಬಂದರೆ, ಎಂಜಿನ್ನಿಗೆ ಬಿಗಿದ ಅರ್ತ್ ತಂತಿಯೇ ಅಪರಾಧಿ. ಅದನ್ನು ಬದಲಾಯಿಸಿದ ಮೇಲೆ ಬ್ಯಾಟರಿ 10.6, ಧನ ಭಾಗ 0.5, ಮೋಟಾರ್ 9.9, ಅರ್ತ್ 0.2 ಎಂದು ಬಂದೀತು. ತಡೆ ನೀಗಿದ್ದರಿಂದ ವಿದ್ಯುತ್ ಪ್ರವಾಹ ಹೆಚ್ಚಿ ಬ್ಯಾಟರಿಯ ಅಂಕಿ ತುಸು ಇಳಿದಿದೆ. ಮೋಟಾರಿಗೆ ಸಲ್ಲಬೇಕಾದದ್ದು ಮಾತ್ರ ಸಂದಿದೆ. ಇಂತಹ ವಾಹನಕ್ಕೆ ಹೊಸ ಬ್ಯಾಟರಿ ಅಥವಾ ಹೊಸ ಮೋಟಾರ್ ಹಾಕಿದ್ದರೂ ದೋಷ ಹಾಗೆಯೇ ಉಳಿಯುತ್ತಿತ್ತು.

ಮೀಟರಿನ ಮೊನೆಯನ್ನು ಬ್ಯಾಟರಿಯ ಸೀಸದ ತುದಿಗೇ ಇಡಬೇಕು, ಅದರ ಮೇಲಿನ ಕ್ಲಾಂಪಿಗಲ್ಲ. ಇಲ್ಲವಾದರೆ ಆ ಜೋಡಣೆಯ ನಷ್ಟ ಲೆಕ್ಕದಿಂದ ತಪ್ಪಿಹೋಗುತ್ತದೆ. ಎರಡೂ ಭಾಗಗಳ ನಷ್ಟ ಮಿತಿಯೊಳಗಿದ್ದು, ಬ್ಯಾಟರಿ ಸದೃಢವಾಗಿದ್ದು, ಆದರೂ ಮೋಟಾರ್ ಅತಿ ಹೆಚ್ಚು ಆಂಪಿಯರ್ ಎಳೆದುಕೊಂಡು ನಿಧಾನವಾಗಿ ತಿರುಗಿದರೆ, ಆಗ ಮಾತ್ರ ಮೋಟಾರನ್ನು ಅಥವಾ ಎಂಜಿನ್ನಿನ ಬಿಗಿತವನ್ನು ಸಂಶಯಿಸುವುದು ಯುಕ್ತ. 24 ವೋಲ್ಟಿನ ಭಾರಿ ವಾಹನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಮಿತಿಗಳನ್ನು ತಯಾರಕರ ಕೈಪಿಡಿಯಿಂದ ತಿಳಿಯಬೇಕು.

ಮುನ್ನೆಚ್ಚರಿಕೆ

ಪರೀಕ್ಷೆಗೆ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಹಾಕಿರಬೇಕು; ಎಂಜಿನ್ ಚಾಲೂ ಆಗದಂತೆ ಕೈಪಿಡಿಯಲ್ಲಿ ಹೇಳಿರುವ ವಿಧಾನವನ್ನು ಅನುಸರಿಸಬೇಕು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸ್ಟಾರ್ಟರ್ ತಿರುಗಿಸದೆ, ನಡುವೆ ತಣಿಯಲು ಬಿಡಬೇಕು. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುವುದರಿಂದ ಕಿಡಿ, ಬೆಂಕಿ ದೂರವಿರಬೇಕು. ಕೇಬಲ್ ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು.

ವೋಚರಿನಲ್ಲಿ ನಾಲ್ಕು ಸಾಲು

ಪ್ರತಿಯೊಂದು ದುರಸ್ತಿ ವೋಚರಿನ ಹಿಂಭಾಗದಲ್ಲಿ ದೂರಿನ ಸ್ವರೂಪ, ದುರಸ್ತಿಗೆ ಮುನ್ನ ಪಡೆದ ಅಳತೆ, ಬದಲಾಯಿಸಿದ ಭಾಗ, ದುರಸ್ತಿಯ ನಂತರದ ಅಳತೆ ಎಂಬ ನಾಲ್ಕು ಸಾಲುಗಳನ್ನು ಬರೆಸುವ ಪರಿಪಾಠವಿಟ್ಟುಕೊಂಡರೆ ಮಾಲೀಕರಿಗೆ ಬಹಳ ಅನುಕೂಲ. ವಾರಂಟಿ ಅವಧಿಯಲ್ಲಿ ಮಾರಾಟಗಾರರೊಡನೆ ಮಾತನಾಡಲು ಈ ದಾಖಲೆ ನೆರವಾಗುತ್ತದೆ. ಒಂದೇ ದೂರಿಗೆ ಎರಡನೆಯ ಬಾರಿ ಹಣ ತೆರುವ ಪ್ರಸಂಗವೂ ಬೇಗನೆ ಬೆಳಕಿಗೆ ಬರುತ್ತದೆ. ತೆಗೆದ ಹಳೆಯ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಅನುಗುಣವಾಗಿ ಸಂಗ್ರಹಣೆ ಅಥವಾ ಮರುಬಳಕೆಯ ವ್ಯವಸ್ಥೆಗೇ ಒಪ್ಪಿಸಿ, ಅದಕ್ಕೆ ದೊರೆತ ಮೊತ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಮರೆಯಬಾರದು.

ತಾಳೆಯಾಗದ ಅಡಾವೆಯನ್ನು ಕಂಡೊಡನೆ ಯಾವ ವ್ಯಾಪಾರಿಯೂ ಹೊಸ ಪುಸ್ತಕ ಕೊಳ್ಳುವುದಿಲ್ಲ; ವ್ಯತ್ಯಾಸ ಯಾವ ಪುಟದಲ್ಲಿದೆಯೆಂದು ಹುಡುಕುತ್ತಾನೆ. ಸ್ಟಾರ್ಟ್ ಆಗದ ವಾಹನದ ವಿಷಯದಲ್ಲಿಯೂ ಅಷ್ಟೇ ತಾಳ್ಮೆ ಸಾಕು. ಮೊದಲು ಅಳತೆ, ಆಮೇಲೆ ಬಿಡಿಭಾಗ, ಕೊನೆಯಲ್ಲಿ ಪಾವತಿ ಎಂಬ ಕ್ರಮವನ್ನು ಪಾಲಿಸಿದಲ್ಲಿ ಮಾಲೀಕರ ಹಣವೂ ಮಾರುಕಟ್ಟೆಯ ಬೆಳಗೂ ಉಳಿಯುತ್ತವೆ.