ಪರದೇಶಕ್ಕೆ ಹೊರಡುವ ಮುನ್ನ

ಮಗನನ್ನೋ ಮಗಳನ್ನೋ ನೋಡಿ ಬರಲು ನೀವು ದುಬೈಗೆ ಹೊರಟಿದ್ದೀರಿ ಎನ್ನಿ. ಮನೆಯವರು ಮಸಾಲೆ ಪುಡಿ ಕಟ್ಟಿಕೊಡುತ್ತಾರೆ. ಅದರಲ್ಲಿ ಗಸಗಸೆ ಇದೆಯೇ ಎಂದು ಮೊದಲು ಕೇಳಿ. ನಮ್ಮಲ್ಲಿ ಅದು ಪಾಯಸದ ಸಾಮಗ್ರಿ, ಯು.ಎ.ಇ. ಮತ್ತು ಸೌದಿ ಅರೇಬಿಯಾದಲ್ಲಿ ನಿಷಿದ್ಧ ವಸ್ತು. ಅಫೀಮು ಸಿಗುವುದು ಅದೇ ಗಿಡದಿಂದ. ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ನಿಮ್ಮನ್ನು ಕಾಪಾಡಲಾರದು.

ಔಷಧಿಯೂ ಹಾಗೆಯೇ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆಗಳ ಮೇಲೆ ಅಲ್ಲಿ ಬಿಗಿ ನಿಯಂತ್ರಣವಿದೆ. ಅನಿವಾರ್ಯವಾದರೆ ಅಲ್ಲಿನ ಸರಕಾರದ ಅನುಮತಿಯನ್ನು ಮುಂಚಿತವಾಗಿ ಪಡೆಯಿರಿ. ವೈದ್ಯರ ಚೀಟಿ ಜೊತೆಗಿರಲಿ.

ಕೊನೆಯ ಗಳಿಗೆಯಲ್ಲಿ ಪರಿಚಿತರು ಒಂದು ಪೊಟ್ಟಣ ತರುತ್ತಾರೆ. ಅಮಾನತ್ತನ್ನು ತಲುಪಿಸುವುದು ಪುಣ್ಯಕಾರ್ಯವೇ. ಆದರೆ ಒಳಗೇನಿದೆಯೆಂದೇ ತಿಳಿಯದ್ದಕ್ಕೆ ಹೊಣೆಯಾಗುವುದು ಹೇಗೆ? ಅವರೆದುರಿನಲ್ಲೇ ಬಿಚ್ಚಿ ನೋಡಿ. ಒಪ್ಪದಿದ್ದರೆ ನಯವಾಗಿ ಹಿಂದಿರುಗಿಸಿ. ಒಂದು ಗಳಿಗೆಯ ದಾಕ್ಷಿಣ್ಯಕ್ಕೆ ಸೆರೆಮನೆಯ ವರ್ಷಗಳನ್ನು ತೆರಬೇಕಾದೀತು.

ವೀಸಾ ಪಡೆದವನು ಆ ನಾಡಿನ ಕಾನೂನಿಗೆ ಒಪ್ಪಿಗೆಯಿತ್ತಂತೆ. ಕರಾರುಗಳನ್ನು ಪಾಲಿಸಬೇಕೆಂಬ ಆಜ್ಞೆಯೊಂದಿಗೇ ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯ ಆರಂಭವಾಗುತ್ತದೆ. ಆದ್ದರಿಂದ ಪ್ರಯಾಣದ ದುಆ ಹೇಳುವ ಮೊದಲು ನಿಮ್ಮ ಚೀಲವನ್ನು ನೀವೇ ಒಮ್ಮೆ ತೆರೆದು ನೋಡಿ.